ಹೂತ ಜಾಗದ ಕಲ್ಲುದಿಬ್ಬಕ್ಕೆ ಯಾವ ಪದ?

ಗೆಳೆಯರೇ,

ಒಂದು ಮಾಹಿತಿ ಫಲಕದ ಬರಹ ತಿದ್ದುತ್ತಿದ್ದೇನೆ. ಸತ್ತವರನ್ನು ಹೂತು, ಮೇಲೆ ಕಲ್ಲುಮಣ್ಣು ಪೇರಿಸಿ, ಸುತ್ತ ದೊಡ್ಡ ಗುಂಡುಕಲ್ಲುಗಳನ್ನು ಬಳೆಯಂತೆ ಇಟ್ಟ ದಿಬ್ಬ ಇರುತ್ತದಲ್ಲ, ಅದಕ್ಕೊಂದು ಹೆಸರು ಬೇಕು. ಕರಡಿನಲ್ಲಿ ‘ಬೃಹತ್ ಶಿಲಾಯುಗದ ಸಮಾಧಿ’ ಎಂದಿದೆ. ಸಮಾಧಿ ಅಂದರೆ ಯಾವುದೋ ಸ್ವಾಮಿಗಳ ಗದ್ದುಗೆ ಅಂದುಕೊಳ್ಳುವವರೇ ಜಾಸ್ತಿ. ‘ಶಿಲಾಯುಗ’ವೂ ದಾರಿ ತಪ್ಪಿಸುತ್ತದೆ. ಕಲ್ಲು ದೊಡ್ಡದು ನಿಜ, ಆದರೆ ಒಳಗೆ ಸಿಗುವುದು ಕಬ್ಬಿಣದ ಸಾಮಾನು, ಕಪ್ಪು-ಕೆಂಪು ಮಡಕೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆಸಿದ ಗೋರಿಗಳೂ ಕಬ್ಬಿಣ ಬಲ್ಲವರವೇ.

ಸುಮ್ನೆ ‘ದಿಬ್ಬ’ ಅನ್ನಬಹುದಿತ್ತು. ಆದರೆ ಬಳ್ಳಾರಿ ಕಡೆ ಬೂದಿದಿಬ್ಬಗಳಿವೆ. ಅವು ಹೂತ ಜಾಗಗಳಲ್ಲ, ನವಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯ ರಾಶಿ. ತಮಾಷೆ ನೋಡಿ: ಹಂಪಿ ಹತ್ತಿರದ ನಿಂಬಾಪುರದಲ್ಲಿ ಅಂಥ ಬೂದಿಯನ್ನು ವಾಲಿಯನ್ನು ಸುಟ್ಟ ಬೂದಿ ಅನ್ನುತ್ತಾರೆ. ಗಂಗಾವತಿ ಹತ್ತಿರದ ಹಿರೇಬೆಣಕಲ್‌ನಲ್ಲಿ ನಿಜವಾಗಿ ಸತ್ತವರಿಗೆಂದು ಕಟ್ಟಿದ ಚಪ್ಪಡಿಕಲ್ಲಿನ ಕೋಣೆಗಳಿವೆ, ಕೆಲವಕ್ಕೆ ದುಂಡನೆಯ ಕಿಂಡಿ. ಅವನ್ನು ಜನ ಮೊರೇರ ಮನೆ ಅನ್ನುತ್ತಾರೆ! ಮೊರೇರು ಎಂಬ ಕುಳ್ಳರು ಅಲ್ಲಿ ಸಂಸಾರ ಮಾಡಿಕೊಂಡಿದ್ದರಂತೆ. ಬೇರೆ ಕಡೆ ಇಂಥವೇ ‘ಪಾಂಡವರ ಮನೆ’. ‘ಕಲ್ಮನೆ’ ಚೆಂದದ ಪದವೇ, ಆದರೆ ಗೋಡೆಯೇ ಕಾಣದ ದಿಬ್ಬಕ್ಕೆ ಹೊಂದುವುದಿಲ್ಲ.

ನನ್ನ ಮನಸ್ಸು ‘ಕಲ್ಗುಪ್ಪೆ’ಯ ಕಡೆ ವಾಲುತ್ತಿತ್ತು. ಗೊಬ್ಬರದ ಗುಪ್ಪೆ ಎಲ್ಲರಿಗೂ ಗೊತ್ತು, ಆಕಾರ ಕಣ್ಣಿಗೆ ಕಟ್ಟುತ್ತದೆ. ತೊಡಕೂ ಅದರಲ್ಲೇ ಇದೆ. ಹೊಲ ಹಸನು ಮಾಡುವಾಗ ಆರಿಸಿ ಹಾಕಿದ ಕಲ್ಲು ಅಂದುಕೊಂಡರೆ ಬದುವಿಗೆ ಹೊತ್ತೊಯ್ಯುವುದಕ್ಕೆ ಏನು ಅಡ್ಡಿ? ಕೆಳಗೆ ಒಬ್ಬರನ್ನು ಮಲಗಿಸಿದ್ದಾರೆ ಎಂಬುದು ಹೆಸರಲ್ಲೇ ಗೊತ್ತಾಗಬೇಕು. ಹಾಗಾಗಿ ‘ಗೋರಿಗುಪ್ಪೆ’ ಅಂದರೆ ಹೇಗೆ? ಗೋರಿ ಪಾರಸಿಯಿಂದ ಬಂದದ್ದು ಎಂಬ ತಕರಾರು ನನಗಿಲ್ಲ.

ಇನ್ನೊಂದು ಚಿಕ್ಕದು. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ಅದನ್ನು ‘ನಿಷೇಧಿತ ಪ್ರದೇಶ’ ಎಂದು ಬರೆದರೆ ಓದಿದವರು ಬೇಲಿಯಾಚೆಯೇ ನಿಲ್ಲುತ್ತಾರೆ. ‘ಇಲ್ಲಿ ಕಟ್ಟಡ ಕಟ್ಟುವಂತಿಲ್ಲ’ ಎಂದರೆ ಸಾಲದೇ?

ನಿಮ್ಮ ಕಡೆಯ ಹಿರಿಯರು ಇಂಥ ದಿಬ್ಬಕ್ಕೆ ಏನನ್ನುತ್ತಾರೆ? ಊರಿನ ಹೆಸರೂ ಸೇರಿಸಿ ತಿಳಿಸಿ. ನಿಘಂಟಿನ ಪದ ಬೇಡ, ಬಾಯಲ್ಲಿ ಇರುವುದು ಬೇಕು.