ದಿನಕ್ಕೊಂದು ರೂಪಾಯಿ, ಅಜ್ಜಿಯ ಬಳೆ

ನಮ್ಮ ‘ಬೈಲುಮನೆ ಬಂಧುಗಳು’ ವಾಟ್ಸ್ಆ್ಯಪ್ ಗುಂಪಿಗೆ ಭಾನುವಾರ ಬೆಳಿಗ್ಗೆ 6.40ಕ್ಕೆ ಅತ್ತೆಯಿಂದ ಒಂದು ಫಾರ್ವರ್ಡ್ ಬಂತು. ಮಧ್ಯಾಹ್ನದ ಊಟದ ಹೊತ್ತಿಗೆ ಮೂರು ಮನೆಗಳ ನಡುವೆ ಮಾತು ನಿಂತಿತ್ತು. ನಡೆದದ್ದನ್ನು ನಡೆದಂತೆಯೇ ಇಡುತ್ತಿದ್ದೇನೆ.

ಅತ್ತೆ: ‘ಕೇಂದ್ರ ಸಂಪುಟದ ಮಹತ್ವದ ನಿರ್ಧಾರ! ಸೇನೆಗೆ ಶಸ್ತ್ರಾಸ್ತ್ರ ಕೊಳ್ಳಲು ವಿಶೇಷ ಬ್ಯಾಂಕ್ ಖಾತೆ. 130 ಕೋಟಿ ಜನರಲ್ಲಿ ಶೇ 70ರಷ್ಟು ಮಂದಿ ದಿನಕ್ಕೆ ಒಂದು ರೂಪಾಯಿ ಹಾಕಿದರೆ ದಿನಕ್ಕೆ 100 ಕೋಟಿ, ವರ್ಷಕ್ಕೆ 36,000 ಕೋಟಿ. ಸಿಂಡಿಕೇಟ್ ಬ್ಯಾಂಕ್, ದೆಹಲಿ. ದೇಶಭಕ್ತರೆಲ್ಲರೂ ಮುಂದಕ್ಕೆ ಕಳುಹಿಸಿ.’

ದೊಡ್ಡಪ್ಪ: ಒಳ್ಳೆಯ ಕೆಲಸ. ನಾವು ಒಂದು ಲೋಟ ಕಾಫಿಗೆ ಮೂವತ್ತು ರೂಪಾಯಿ ಕೊಡುತ್ತೇವೆ. ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ 2016ರಲ್ಲಿ ಸಿಯಾಚಿನ್ನಿನ ಹಿಮದಡಿಯಲ್ಲಿ ಆರು ದಿನ ಜೀವ ಹಿಡಿದುಕೊಂಡಿದ್ದರು. ಅಂಥವರಿಗೆ ಒಂದು ರೂಪಾಯಿ ಕೊಡಲು ಹಿಂದೆಮುಂದೆ ನೋಡುವವರು ಈ ಮನೆಯಲ್ಲಿ ಹುಟ್ಟಿಲ್ಲ ಎಂದುಕೊಂಡಿದ್ದೇನೆ.

ನಾನು: ಅತ್ತೆ, ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದೇ ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿದೆ. ಈ ಸಂದೇಶ 2016ರಿಂದ ಸುತ್ತುತ್ತಿದೆ. ಖಾತೆಯೊಂದು ಇತ್ತು, ಆದರೆ ಅದು ಕಾಳಗದಲ್ಲಿ ಮಡಿದವರ ಮತ್ತು ಗಾಯಗೊಂಡವರ ಕುಟುಂಬಗಳ ನೆರವಿಗೆ, ಶಸ್ತ್ರ ಕೊಳ್ಳಲು ಅಲ್ಲ ಎಂದು ಆಗಲೇ ಸರ್ಕಾರ ಹೇಳಿತ್ತು. 2025ರಲ್ಲಿ ಪಹಲ್ಗಾಮ್ ದಾಳಿಯ ನಂತರ ಮತ್ತೆ ಬಂದಾಗ, ಸಂಪುಟ ಇಂಥ ನಿರ್ಧಾರ ಮಾಡಿಲ್ಲ ಎಂದು ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆ ಪಿಐಬಿ ತಿಳಿಸಿತು. ಇನ್ನು 130 ಕೋಟಿಯಲ್ಲಿ ಶೇ 70 ಎಂದರೆ 91 ಕೋಟಿ, 100 ಅಲ್ಲ.

ಅತ್ತೆ: ನೀನು ಚಿಕ್ಕಂದಿನಿಂದಲೂ ಹೀಗೆಯೇ. ನನ್ನ ಮಗಳ ಮದುವೆಯಲ್ಲಿ ಪಂಕ್ತಿ ಏಳುವ ಮೊದಲೇ ಅಡುಗೆಯವರ ಬಿಲ್ಲು ಕೂಡಿಸಲು ಕುಳಿತವನು.

ಚಿಕ್ಕಪ್ಪ: ವಿಲೀನ ಎಂದು ಅಷ್ಟು ಸಲೀಸಾಗಿ ಬರೆಯಬೇಡ ಶ್ರೀಧರ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಬ್ಯಾಂಕು. ಅದರ ಅನ್ನ ತಿಂದು ನಿಮ್ಮನ್ನೆಲ್ಲ ಓದಿಸಿದ್ದೇವೆ. 1928ರಲ್ಲೇ ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಉಳಿತಾಯ ಕಟ್ಟಿಸಿಕೊಳ್ಳುವ ಪಿಗ್ಮಿ ಶುರು ಮಾಡಿದ್ದು ನಾವು. ದಿನಕ್ಕೊಂದು ರೂಪಾಯಿಯ ಲೆಕ್ಕವನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ.

ರಮ್ಯಾ: ಪಿಗ್ಮಿ ಮಾಮ ನೆನಪಿದ್ದಾರೆಯೇ? ಸೈಕಲ್ಲನ್ನು ತುಳಸಿಕಟ್ಟೆಗೆ ಒರಗಿಸಿ, ಅಜ್ಜಿ ಕೊಟ್ಟ ಮಜ್ಜಿಗೆ ಕುಡಿದು, ಆಮೇಲೆ ಚೀಲದಿಂದ ಪುಸ್ತಕ ತೆಗೆಯುತ್ತಿದ್ದರು. ನಾವು ಅವರ ಪೆನ್ನಿಗಾಗಿ ಜಗಳವಾಡುತ್ತಿದ್ದೆವು.

ಇಪ್ಪತ್ತು ನಿಮಿಷ ಪಿಗ್ಮಿ ಮಾಮನ ಮಾತೇ ಆಯಿತು. ಸೇನೆ ಎಲ್ಲಿಯೋ ಉಳಿಯಿತು. ನನಗೆ ಮಾತ್ರ ಸುಮ್ಮನಿರಲು ಆಗಲಿಲ್ಲ.

ನಾನು: ಆ ಪಿಗ್ಮಿ ಮಾಮ ಒಂದು ರೂಪಾಯಿ ತೆಗೆದುಕೊಂಡರೂ ಕಾರ್ಡಿನಲ್ಲಿ ಬರೆದು ಸಹಿ ಹಾಕುತ್ತಿದ್ದರು. ಸೈನಿಕನ ದುಡ್ಡಿಗೂ ಹಾಗೆಯೇ ಸಹಿ ಹಾಕುವವರಿದ್ದಾರೆ. 2025–26ರ ರಕ್ಷಣಾ ಬಜೆಟ್ 6.81 ಲಕ್ಷ ಕೋಟಿ ರೂಪಾಯಿ, ಅದರಲ್ಲಿ ಪಿಂಚಣಿಯೇ ಸುಮಾರು 1.60 ಲಕ್ಷ ಕೋಟಿ. ಅದು ಸಂಸತ್ತಿನಲ್ಲಿ ಮತಕ್ಕೆ ಬರುತ್ತದೆ, ಸ್ಥಾಯಿ ಸಮಿತಿ ನೋಡುತ್ತದೆ, ಖರ್ಚಾದ ಮೇಲೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ಕೇಳುತ್ತದೆ. ಈ ಫಾರ್ವರ್ಡಿನ 91 ಕೋಟಿ ಮಂದಿ ವರ್ಷವಿಡೀ ಹಾಕಿದರೂ ಬರುವ ಮೊತ್ತ ಹದಿನೆಂಟು ದಿನದ ಖರ್ಚಿಗೂ ಸಾಲದು.

ದೊಡ್ಡಪ್ಪ: ಗಡಿಯಲ್ಲಿ ನಿಂತವನ ಲೆಕ್ಕ ಕೇಳುವುದು ಸಂಸ್ಕಾರವಲ್ಲ. ಮೊದಲು ಶ್ರದ್ಧೆ ಇರಲಿ.

ಅಲ್ಲಿಯವರೆಗೆ ಒಂದಕ್ಷರ ಬರೆಯದ ಭಾವ ಆಗ ಬರೆದರು. ಹದಿನೇಳು ವರ್ಷ ಸೇನೆಯಲ್ಲಿದ್ದು ಹವಾಲ್ದಾರರಾಗಿ ನಿವೃತ್ತರಾದವರು. ಗುಂಪಿನಲ್ಲಿ ಹಬ್ಬದ ಶುಭಾಶಯ ಬಿಟ್ಟರೆ ಬೇರೇನೂ ಹಾಕುವವರಲ್ಲ.

ಭಾವ: ದೊಡ್ಡಮಾವ, ಕೇಳಲಿ ಬಿಡಿ. ಹಿಮದ ಮೇಲೆ ಬಿಸಿಲಿನಲ್ಲಿ ಕನ್ನಡಕವಿಲ್ಲದೆ ಒಂದು ಹೊತ್ತು ನಡೆದರೆ ರಾತ್ರಿ ಕಣ್ಣಿಗೆ ಮರಳು ಸುರಿದ ಹಾಗಾಗುತ್ತದೆ. ರೆಪ್ಪೆ ತೆರೆಯಲು ಆಗುವುದಿಲ್ಲ, ಮುಚ್ಚಲೂ ಆಗುವುದಿಲ್ಲ. 2020ರ ಫೆಬ್ರುವರಿಯಲ್ಲಿ ಸಂಸತ್ತಿನ ಮುಂದಿಟ್ಟ ಸಿಎಜಿ ವರದಿಯಲ್ಲಿ ಎತ್ತರದ ಪ್ರದೇಶಗಳ ಹಿಮಗನ್ನಡಕದ ಕೊರತೆ ಶೇ 62ರಿಂದ 98 ಎಂದಿತ್ತು. 2015ರ ನವೆಂಬರಿನಿಂದ 2016ರ ಸೆಪ್ಟೆಂಬರಿನವರೆಗೆ ಹೊಸ ಬೂಟು ಕೊಡದೆ ಹಳೆಯದನ್ನೇ ರಿಪೇರಿ ಮಾಡಿಸಿ ಹಾಕಿಸಿದ್ದರು. ಖರೀದಿ ನಾಲ್ಕು ವರ್ಷದವರೆಗೂ ತಡವಾಗಿತ್ತು. ಅದು ಹಳೆಯ ಲೆಕ್ಕ, ಈಗ ಸರಿಯಾಗಿದೆ ಎಂದು ಸೇನೆ ಉತ್ತರಿಸಿತು. ಸರಿಯಾಗಿದ್ದರೆ ಸಂತೋಷ. ಆದರೆ ಕೇಳುವವರು ಇದ್ದುದರಿಂದಲೇ ಉತ್ತರ ಬಂತು. ಜನ ಒಂದು ರೂಪಾಯಿ ಕೊಡದೆ ಕನ್ನಡಕ ತಪ್ಪಿದ್ದಲ್ಲ.

ಐದು ನಿಮಿಷ ಯಾರೂ ಏನೂ ಬರೆಯಲಿಲ್ಲ. ಇಷ್ಟಕ್ಕೆ ಮುಗಿಯಬಹುದಿತ್ತು.

ಅತ್ತೆ: ಅಂದರೆ ನಾನು ಸುಳ್ಳು ಹೇಳಿದೆ ಎಂದಾಯಿತು. ಇರಲಿ. ನಿಮ್ಮ ಮಿಲಿಟರಿ ಕ್ಯಾಂಟೀನ್ ಕಾರ್ಡಿನಲ್ಲಿ ಫ್ರಿಜ್ ಯಾರ ಮನೆಗೆ ಬಂತು, ಯಾರ ಮನೆಗೆ ಬರಲಿಲ್ಲ ಎಂಬುದೂ ನನಗೆ ಗೊತ್ತಿದೆ.

ದೊಡ್ಡಪ್ಪ: ಸಾಕು. 1962ರಲ್ಲಿ ಚೀನಾ ಯುದ್ಧದ ಸಮಯದಲ್ಲಿ ರಾಷ್ಟ್ರೀಯ ರಕ್ಷಣಾ ನಿಧಿಗೆ ಅಮ್ಮ ಕೈಯಿಂದ ಬಳೆ ಕಳಚಿ ಕೊಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸೋಪಿನ ನೀರು ಹಚ್ಚಿ ಎಳೆದಾಗ ಮುಂಗೈ ಕೆಂಪಾಗಿತ್ತು. ಅವರು ಯಾವ ಲೆಕ್ಕವನ್ನೂ ಕೇಳಲಿಲ್ಲ.

ನಾನು: ರಸೀದಿಯನ್ನು ಇಸಿದುಕೊಂಡಿದ್ದರು ದೊಡ್ಡಪ್ಪ. ನಿಮ್ಮ ಟ್ರಂಕಿನಲ್ಲಿದೆ ಎಂದು ನೀವೇ ಹೇಳಿದ್ದೀರಿ.

ಅತ್ತೆ: ಹಾಕು ಅಣ್ಣ. ಅರುವತ್ತು ವರ್ಷದಿಂದ ಎರಡು ಬಳೆಯನ್ನೂ ಕೊಟ್ಟರು ಎಂದೇ ಕೇಳುತ್ತಾ ಬಂದಿದ್ದೇನೆ.

ಮುಕ್ಕಾಲು ಗಂಟೆಯ ಮೇಲೆ ಚಿತ್ರ ಬಂತು. ಮಡಿಕೆಯ ಗೆರೆಯಲ್ಲಿ ಹರಿದು, ಜಿರಲೆ ತಿಂದ ಅಂಚಿನ ಹಳದಿ ಕಾಗದ. ಅಜ್ಜಿಯ ಹೆಸರಿನ ಕೆಳಗೆ ನೀಲಿ ಶಾಯಿಯಲ್ಲಿ ‘ಬಂಗಾರದ ಬಳೆ, 16 ಗ್ರಾಂ’. ಬಳೆ ಒಂದೋ ಎರಡೋ ಎಂದು ಬರೆದಿರಲಿಲ್ಲ. ಆದರೆ ಅದಕ್ಕೊಂದು ಸಹಿ ಇತ್ತು, ತಾರೀಖು ಇತ್ತು. ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದೆ, ಕಣ್ಣು ತುಂಬಿತು.

ಚಿಕ್ಕಪ್ಪ: ಜೋಡಿ ನಾಲ್ಕು ಪವನಿನದು ಎಂದು ಅಮ್ಮ ಹೇಳುತ್ತಿದ್ದರು. ನಾಲ್ಕು ಪವನು ಎಂದರೆ 32 ಗ್ರಾಂ.

ಅತ್ತೆ: ಹಾಗಾದರೆ ಇನ್ನೊಂದು ಎಲ್ಲಿ?

ದೊಡ್ಡಪ್ಪ ಬಹಳ ಹೊತ್ತು ‘ಟೈಪ್ ಮಾಡುತ್ತಿದ್ದಾರೆ’ ಎಂದೇ ಕಾಣಿಸುತ್ತಿತ್ತು.

ದೊಡ್ಡಪ್ಪ: ಬರುವ ಭಾನುವಾರ ಎಲ್ಲರೂ ಮನೆಗೆ ಬನ್ನಿ. ಇದನ್ನು ಫೋನಿನಲ್ಲಿ ಬರೆಯಲಾರೆ.

ಭಾವ: ಬರುತ್ತೇವೆ. ರಸೀದಿಯನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಇಡಿ ದೊಡ್ಡಮಾವ, ಮಳೆಗಾಲದಲ್ಲಿ ಹಾಳಾದೀತು.