ಪನೋರಮಾ ಚಿತ್ರವನ್ನು ಹೊಲಿಯುವುದೋ, ಬೆಸೆಯುವುದೋ?

ಮಾನ್ಯರೇ,

ಚಿಕ್ಕಬಳ್ಳಾಪುರದ ನಮ್ಮ ಗೆಳೆಯರು ಸುತ್ತಲಿನ ಬೆಟ್ಟಗಳ ಪ್ರವಾಸಚಿತ್ರಗಳನ್ನು ಪ್ರದರ್ಶನಕ್ಕೆ ಸಿದ್ಧಪಡಿಸುತ್ತಿದ್ದು, ಅವುಗಳ ಕೆಳಗಿನ ಬರಹ ನನ್ನ ಪಾಲಿಗೆ ಬಂದಿದೆ. ಸ್ಕಂದಗಿರಿಯ ನೆತ್ತಿಯಲ್ಲಿ ನಿಂತು, ಕ್ಯಾಮೆರಾವನ್ನು ಎಡದಿಂದ ಬಲಕ್ಕೆ ತುಸುತುಸುವೇ ತಿರುಗಿಸುತ್ತ ನಾನು ತೆಗೆದ ಒಂಬತ್ತು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಕೂಡಿಸಿದ್ದೇವೆ. ನಂದಿಬೆಟ್ಟವೂ ನೆರೆಯ ಗುಡ್ಡಗಳೂ ಒಂದೇ ಸಾಲಿನಲ್ಲಿ ಕಾಣುವ ಆ ಉದ್ದನೆಯ ಚಿತ್ರವನ್ನು, ಅಂದರೆ ಇಂಗ್ಲಿಷಿನ 'ಪನೋರಮಾ'ವನ್ನು, ಕನ್ನಡದಲ್ಲಿ ಏನೆಂದು ಕರೆಯಬೇಕು?

ಪತ್ರಿಕೆಗಳಲ್ಲಿ ರೂಢಿಯಾಗಿರುವ 'ವಿಹಂಗಮ ನೋಟ' ಇಲ್ಲಿ ಸಲ್ಲದೆಂದು ನನ್ನ ಭಾವನೆ. ವಿಹಂಗಮವೆಂದರೆ ಹಕ್ಕಿ, ಮೇಲಿನಿಂದ ಕೆಳಗೆ ನೋಡುವ ಡ್ರೋನ್ ಚಿತ್ರಕ್ಕೆ ಅದು ಒಪ್ಪೀತು. ಐರ್ಲೆಂಡಿನಲ್ಲಿ ಹುಟ್ಟಿದ ಚಿತ್ರಕಾರ ರಾಬರ್ಟ್ ಬಾರ್ಕರ್ 1787ರಲ್ಲಿ ಪೇಟೆಂಟ್ ಪಡೆದದ್ದು, ನೋಡುಗನನ್ನು ನಡುವೆ ನಿಲ್ಲಿಸಿ ಅವನ ಸುತ್ತಲೂ ಹರಡುವ ವರ್ಣಚಿತ್ರಕ್ಕೆ; ಗ್ರೀಕಿನಲ್ಲಿ 'ಎಲ್ಲ' ಮತ್ತು 'ನೋಟ' ಎಂಬರ್ಥದ ಪದಗಳನ್ನು ಕೂಡಿಸಿ ಮಾಡಿದ 'ಪನೋರಮಾ' ಎಂಬ ಹೆಸರು ಅಂಥ ಚಿತ್ರಗಳಿಗೇ ಬಂದಿತು. ಆದ್ದರಿಂದ 'ಸುತ್ತುನೋಟ' ಎನ್ನೋಣವೆಂದರೆ, ನಮ್ಮ ಚಿತ್ರ ಅರೆಸುತ್ತನ್ನೂ ಮುಟ್ಟುವುದಿಲ್ಲ. 'ಹರಹುನೋಟ' ಎಂಬುದರತ್ತ ನನ್ನ ಒಲವಿದೆ.

ನಿಜವಾದ ತೊಡಕಿರುವುದು ಕ್ರಿಯಾಪದದಲ್ಲಿ. ಹೀಗೆ ಚಿತ್ರಗಳನ್ನು ಕೂಡಿಸುವುದಕ್ಕೆ ಸ್ಟುಡಿಯೋದವರು 'ಸ್ಟಿಚ್ ಮಾಡೋದು' ಎಂದು ಸಲೀಸಾಗಿ ಹೇಳಿಬಿಡುತ್ತಾರೆ. ಅದನ್ನೇ 'ಹೊಲಿಗೆ' ಎಂದರೆ ದಾರವೂ ಸೂಜಿಯೂ ಕಣ್ಣಮುಂದೆ ಬರುತ್ತವೆ. ಇಲ್ಲಿಯಾದರೋ ಹೊಲಿಗೆಯ ಗೆರೆ ಕಂಡಿತೆಂದರೆ ಕೆಲಸ ಕೆಟ್ಟಂತೆ. 'ಬೆಸುಗೆ'ಯಲ್ಲಿ ಆ ದೋಷವಿಲ್ಲವಾದರೂ ಅದು ಅಂಚಿಗೆ ಅಂಚು ಸೇರಿಸುವುದನ್ನು ಸೂಚಿಸುತ್ತದೆ. ನಾವು ಮಾಡುವುದು ಹಾಗಲ್ಲ: ಒಂದು ಚಿತ್ರದ ಸುಮಾರು ಮೂರನೆಯ ಒಂದು ಭಾಗ ಮುಂದಿನ ಚಿತ್ರದಲ್ಲಿಯೂ ಬರುವಂತೆ ತೆಗೆದರೆ, ಎರಡರಲ್ಲಿಯೂ ಇರುವ ಅದೇ ಬಂಡೆ, ಅದೇ ಮರವನ್ನು ಗುರುತಿಸಿ ತಂತ್ರಾಂಶವು ಒಂದರ ಮೇಲೊಂದನ್ನು ಕೂರಿಸುತ್ತದೆ. ಇದು ಮಾಡಿಗೆ ಹೆಂಚು ಹೊದಿಸುವುದಕ್ಕೆ ಹೆಚ್ಚು ಹತ್ತಿರ. ಹೀಗೆ ಎರಡು ಬಾರಿ ಬರುವ ಭಾಗವನ್ನು 'ಮೇಲುಹೊದಿಕೆ' ಎನ್ನಬಹುದೇ? 'ಜೋಡಣೆ' ಸುಲಭವಾದ ಮಾತಾದರೂ, ಬಿಡಿಚಿತ್ರಗಳನ್ನು ಪಕ್ಕಪಕ್ಕದಲ್ಲಿ ಅಂಟಿಸುವುದೂ ಜೋಡಣೆಯೇ ತಾನೆ.

ಇನ್ನೊಂದು ಸಂಗತಿಗೂ ಹೆಸರು ಬೇಕಾಗಿದೆ. ನಮ್ಮ ಚಿತ್ರದಲ್ಲಿ ದೂರದ ನಂದಿ ಅಚ್ಚುಕಟ್ಟಾಗಿ ಬಂದಿದ್ದರೂ, ನನ್ನ ಮೊಣಕಾಲ ಪಕ್ಕದಲ್ಲಿದ್ದ ಪಾಳುಗೋಡೆಯ ಒಂದು ಕಲ್ಲು ನಡುವೆ ಎರಡು ಬೆರಳಿನಷ್ಟು ಜರುಗಿ ಮುರಿದಂತೆ ಕಾಣುತ್ತದೆ. ಕೈಯಲ್ಲಿ ಹಿಡಿದ ಕ್ಯಾಮೆರಾ ತಿರುಗುವಾಗ ನಿಂತಲ್ಲೇ ನಿಲ್ಲದೆ ಪಕ್ಕಕ್ಕೂ ಸರಿದದ್ದೇ ಇದಕ್ಕೆ ಕಾರಣ. ಇದನ್ನು ನಾನು ಸದ್ಯಕ್ಕೆ 'ಸಂದುದೋಷ' ಎಂದು ಬರೆದುಕೊಂಡಿದ್ದೇನೆ. ಛಾಯಾಗ್ರಾಹಕರ ನಡುವೆ ಈಗಾಗಲೇ ಬೇರೆ ಮಾತು ಬಳಕೆಯಲ್ಲಿದ್ದರೆ, ಬಲ್ಲವರು ದಯವಿಟ್ಟು ತಿಳಿಸಬೇಕು.