ಚೈನಾ ಗ್ರಾಸ್ ಫ್ಯಾಂಟಮ್‌ನಲ್ಲಿ ಅಟೆನ್ಯುಯೇಶನ್ ಮೈನಸ್ ಬರ್ತಿದೆ, ಎಲ್ಲಿ ತಪ್ಪಿದ್ದೇನೆ?

ತುಂಗೆಯ ದಡ:

ನಮಸ್ಕಾರ. ಶಿವಮೊಗ್ಗದಲ್ಲಿ ಎಲೆಕ್ಟ್ರಾನಿಕ್ಸ್ ಕೊನೆಯ ವರ್ಷ ಓದ್ತಿದ್ದೇನೆ, ಮನೆ ತೀರ್ಥಹಳ್ಳಿ ಹತ್ತಿರ. ಪ್ರಾಜೆಕ್ಟ್‌ಗೆ ಅಲ್ಟ್ರಾಸೌಂಡ್ ಹಿಡಿಯೋಕೆ ಕಾರಣ ಅಪ್ಪನ ಲಿವರ್. ಹೋದ ಮಳೆಗಾಲದಲ್ಲಿ ಒಂದು ಕಡೆ ಸ್ಕ್ಯಾನಿಂಗ್ ಮಾಡಿಸಿದ್ವಿ, ಫ್ಯಾಟಿ ಲಿವರ್ ಗ್ರೇಡ್ 1 ಅಂದ್ರು. ಹದಿನೈದು ದಿನ ಬಿಟ್ಟು ಇನ್ನೊಂದು ಕಡೆ ಮಾಡಿಸಿದ್ರೆ ಗ್ರೇಡ್ 2. ಅಪ್ಪ ತೋಟದವರು, ಬಾಯಿ ಸುಮ್ಮನಿರಲ್ಲ. "ಮಂಡಿಯವನು ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆ ಕೈಗೆ ತಗೊಂಡು ಹೇಳ್ತಾನೆ. ಇವರು ಬೆಳ್ಳಗಿದ್ಯಾ ಕಪ್ಪಗಿದ್ಯಾ ನೋಡಿ ಗ್ರೇಡ್ ಹಾಕ್ತಾರಲ್ಲೇ!" ಅಂದ್ರು. ಅದೇ ತಲೆಯಲ್ಲಿ ಕೂತ್ಕೊಳ್ತು.

ಬೆಳ್ಳಗೆ ಕಾಣೋದನ್ನ ಬಿಟ್ಟು ಒಂದು ಸಂಖ್ಯೆ ತೆಗೀಬೇಕು ಅಂತ ನನ್ನ ಆಸೆ. ಶಬ್ದ ಒಳಗೆ ಹೋಗ್ತಾ ಎಷ್ಟು ಕುಂದುತ್ತೆ (ಅದೇ ಅಟೆನ್ಯುಯೇಶನ್), ಅಂದ್ರೆ ಸೆಂಟಿಮೀಟರಿಗೆ, ಮೆಗಾಹರ್ಟ್ಸ್‌ಗೆ ಎಷ್ಟು ಡೆಸಿಬೆಲ್ ಅಂತ. ಆರೋಗ್ಯವಾದ ಲಿವರ್‌ಗೆ ಸುಮಾರು 0.5, ಕೊಬ್ಬು ಸೇರಿದಷ್ಟೂ ಜಾಸ್ತಿ.

ಮಷೀನ್ ಸ್ವಂತಕ್ಕೆ ತರೋ ಹಾಗಿಲ್ಲ, ಪಿಸಿಪಿಎನ್‌ಡಿಟಿ ಕಾಯ್ದೆ (ಭ್ರೂಣಲಿಂಗ ಪತ್ತೆ ತಡೆಯೋದು) ಇದೆ, ನೋಂದಣಿ ಇಲ್ಲದವರಿಗೆ ಮಾರೋದೇ ಇಲ್ಲ. ಪರಿಚಯದ ಡಾಕ್ಟರಮ್ಮ ಒಬ್ಬರು ತಮ್ಮ ಕೋಣೆಯಲ್ಲೇ, ತಾವೇ ಪ್ರೋಬ್ ಹಿಡಿದು, ನನ್ನ ಫ್ಯಾಂಟಮ್ (ಲಿವರ್ ಬದಲಿಗೆ ಮಾಡಿದ ಹೆಪ್ಪಿನ ಡಬ್ಬಿ) ಸ್ಕ್ಯಾನ್ ಮಾಡಿ ಚಿತ್ರ ಕೊಟ್ಟರು. ಸಿಕ್ಕಿದ್ದು ಚಿತ್ರ ಮಾತ್ರ, ಕಚ್ಚಾ ಸಿಗ್ನಲ್ ಆ ಮಷೀನ್ ಬಿಟ್ಟುಕೊಡಲ್ಲ.

ಫ್ಯಾಂಟಮ್‌ಗೆ ಜಿಲೆಟಿನ್ ತರಿಸಿದ್ದೆ. ಅಜ್ಜಿ "ಅದು ದನದ ಮೂಳೆಯದ್ದಂತೆ, ಒಳಗೆ ತಂದ್ರೆ ನೋಡು" ಅಂತ ಬಾಗಿಲಲ್ಲೇ ತಡೆದ್ರು. ಕೊನೆಗೆ ಕಡಲ ಪಾಚಿಯಿಂದ ಮಾಡೋ ಚೈನಾ ಗ್ರಾಸ್ ನೂರಕ್ಕೆ ಮೂರರಂತೆ ಕುದಿಸಿ, ಶಬ್ದ ಚದುರಿಸೋಕೆ ಇಸಬ್‌ಗೋಲ್ ಹಾಕಿ, ಸ್ಟೀಲ್ ಡಬ್ಬಿಯಲ್ಲಿ ಹೆಪ್ಪು ಹಾಕಿದೆ. ಇನ್ನೊಂದು ಡಬ್ಬಿಗೆ ಅದರ ಜೊತೆ ಗ್ರಾಫೈಟ್ ಪುಡಿ.

ಈಗ ತಮಾಷೆ ನೋಡಿ. ಮೊದಲನೇ ಡಬ್ಬಿಯಲ್ಲಿ 2ರಿಂದ 4 ಸೆಂ.ಮೀ. ಆಳದ ನಡುವೆ ಲೆಕ್ಕ ಹಾಕಿದ್ರೆ ಮೈನಸ್ 0.4! 5ರಿಂದ 8ರ ನಡುವೆ 1.2. ಹಾಗಾದ್ರೆ ನನ್ನ ಚೈನಾ ಗ್ರಾಸ್ ಶಬ್ದಕ್ಕೆ ಮೇಲಿಂದ ಶಕ್ತಿ ಬೇರೆ ಕೊಡ್ತಿದೆ. ಗೈಡ್ ಕೇಳಿದ್ರೆ "ಕೋಡ್ ನೋಡ್ಕೊಳಮ್ಮ" ಅಂತಾರೆ. ಕೋಡ್ ಮೂರು ಸಲ ನೋಡಿದ್ದಾಯ್ತು.

ಸಾಗರದ ಸ್ಕ್ಯಾನ್ ಡಾಕ್ಟ್ರು:

ಕೋಡ್ ಸರಿಯಾಗೇ ಇರಬಹುದು ತಂಗಿ. ನೀನು ಅಳೆದಿದ್ದು ಚೈನಾ ಗ್ರಾಸನ್ನಲ್ಲ, ಮಷೀನನ್ನ.

ಆಳದ ಪ್ರತಿಧ್ವನಿ ಕುಂದುತ್ತೆ ಅಂತ ಮಷೀನ್ ತಾನೇ ಅದನ್ನ ಎತ್ತಿ ತೋರಿಸುತ್ತೆ, ಅದು ಟಿಜಿಸಿ. ಫೋಕಸ್ ಎಲ್ಲಿಟ್ಟಿದ್ದೀರೋ ಅಲ್ಲಿ ಕಿರಣ ಒಟ್ಟಾಗಿ ಇನ್ನೂ ಬೆಳ್ಳಗಾಗುತ್ತೆ. ನಿಮ್ಮದು 4-5 ಸೆಂ.ಮೀ. ಹತ್ತಿರ ಇದ್ದಿರಬೇಕು, ಅದಕ್ಕೇ ಮೇಲೆ ಮೈನಸ್, ಕೆಳಗೆ ವಿಪರೀತ. ಅಪ್ಪನ ಎರಡು ರಿಪೋರ್ಟಿನ ಕಥೆಯೂ ಇದೇ ಇದ್ದೀತು. ಲಿವರ್ ಬಲಗಡೆ ಕಿಡ್ನಿಗಿಂತ ಬೆಳ್ಳಗಿದ್ರೆ ಗ್ರೇಡ್ 1, ಒಳಗಿನ ಪೋರ್ಟಲ್ ರಕ್ತನಾಳದ ಗೋಡೆ ಮಸುಕಾದ್ರೆ 2, ವಪೆಯೇ ಕಾಣದಿದ್ರೆ 3. ಒಂದು ಮತ್ತು ಎರಡರ ನಡುವೆ ನಾನೇ ಬೆಳಿಗ್ಗೆ ಒಂದು, ಸಂಜೆ ಒಂದು ಬರೆದಿರಬಹುದು. ನೂರಕ್ಕೆ ಇಪ್ಪತ್ತಕ್ಕಿಂತ ಕಡಿಮೆ ಕೊಬ್ಬಾದ್ರೆ ಕಣ್ಣಿಗೆ ಸರಿಯಾಗಿ ಸಿಗೋದೂ ಇಲ್ಲ.

ದಾರಿ ಇದೆ, 1990ರಿಂದಲೂ ಇದೆ, ರೆಫರೆನ್ಸ್ ಫ್ಯಾಂಟಮ್ ವಿಧಾನ ಅಂತ. ಗುಣ ಗೊತ್ತಿರೋ ಒಂದು ಡಬ್ಬಿ, ಗೊತ್ತಿಲ್ಲದ ಒಂದು ಡಬ್ಬಿ, ನಡುವೆ ಒಂದು ಗುಂಡಿಯನ್ನೂ ಮುಟ್ಟದೆ ಎರಡನ್ನೂ ಸ್ಕ್ಯಾನ್ ಮಾಡಿ. ಡೆಸಿಬೆಲ್‌ನಲ್ಲಿ ಒಂದರಿಂದ ಒಂದನ್ನ ಕಳೀರಿ. ಟಿಜಿಸಿ, ಫೋಕಸ್ ಎರಡರಲ್ಲೂ ಒಂದೇ, ಹೊಡೆದುಹೋಗುತ್ತೆ. ಉಳಿದದ್ದನ್ನ ಆಳದ ಎದುರು ಗೆರೆ ಎಳೆದ್ರೆ, ಆ ಗೆರೆಯ ಎತ್ತರ ಚದುರುವಿಕೆಯದ್ದು, ಇಳಿಜಾರು ಅಟೆನ್ಯುಯೇಶನ್‌ದು. ಇಳಿಜಾರು ಸೆಂಟಿಮೀಟರಿಗೆ 1.2 ಡೆಸಿಬೆಲ್ ಇದ್ದು ಫ್ರೀಕ್ವೆನ್ಸಿ 3.5 ಆದ್ರೆ, ಹೋಗಿ ಬರೋ ಲೆಕ್ಕಕ್ಕೆ 7ರಿಂದ ಭಾಗಿಸು, 0.17 ವ್ಯತ್ಯಾಸ.

ಡಾಕ್ಟರಮ್ಮನಿಗೆ ಹೇಳಿ ಹಾರ್ಮೋನಿಕ್, ಕಾಂಪೌಂಡಿಂಗ್, ನುಣುಪು ಮಾಡೋದು, ಹೀಗೆ ಚಿತ್ರ ಚೆಂದ ಮಾಡೋದೆಲ್ಲ ಆಫ್ ಮಾಡಿಸು. ಗ್ರೇ ಮ್ಯಾಪ್ (ಎಷ್ಟು ಡೆಸಿಬೆಲ್ಲಿಗೆ ಎಷ್ಟು ಬಿಳುಪು ಅನ್ನೋ ಲೆಕ್ಕ) ನೇರ ಇರೋದನ್ನ ಆರಿಸಿ. ಡೈನಾಮಿಕ್ ರೇಂಜ್ (ಚಿತ್ರದಲ್ಲಿ ತೋರಿಸೋ ಡೆಸಿಬೆಲ್ ವ್ಯಾಪ್ತಿ) 60 ಡೆಸಿಬೆಲ್ ಇಟ್ರೆ ಬಿಳುಪಿನ 255 ಮೆಟ್ಟಿಲಿಗೆ ಹಂಚಿ ಒಂದು ಮೆಟ್ಟಿಲು ಸುಮಾರು 0.24. ಪ್ರೋಬ್ ಅಷ್ಟಷ್ಟು ಸರಿಸಿ ಇಪ್ಪತ್ತು ಮೂವತ್ತು ಚಿತ್ರ ತಗೊಳ್ಳಿ, ಒಂದೇ ಚಿತ್ರ ಆದ್ರೆ ಸ್ಪೆಕಲ್ (ಚಿತ್ರದಲ್ಲಿ ಕಾಣೋ ಚುಕ್ಕೆಗಳು) ಕುಣಿತವನ್ನೇ ಅಳೀತೀರಿ.

ಅಪ್ಪನಿಗೆ ಬೇಕಿದ್ರೆ ಫೈಬ್ರೋಸ್ಕ್ಯಾನ್ (ಲಿವರ್ ಅಳೆಯೋ ಅಲ್ಟ್ರಾಸೌಂಡ್ ಮಷೀನ್) ಇರೋ ಕಡೆ ಕರ್ಕೊಂಡು ಹೋಗು, ಮೂರು ಗಂಟೆ ಹೊಟ್ಟೆಗೇನೂ ಕೊಡದೆ. ಅದರ ಸಿಎಪಿ ಅನ್ನೋ ಅಂಕಿ ನೀನು ಹುಡುಕ್ತಿರೋ ಅಟೆನ್ಯುಯೇಶನ್ನೇ, 3.5 ಮೆಗಾಹರ್ಟ್ಸ್‌ನಲ್ಲಿ, ಮೀಟರಿಗೆ ಡೆಸಿಬೆಲ್ ಲೆಕ್ಕ. 245 ಬಂದ್ರೆ ನಿನ್ನ ಭಾಷೆಯಲ್ಲಿ 0.7.

ಕಬ್ಬಿಣದ ತಾತ:

ಡಾಕ್ಟ್ರು "ಗುಣ ಗೊತ್ತಿರೋ ಡಬ್ಬಿ" ಅಂತ ಹೇಳಿ ಮುಗಿಸಿಬಿಟ್ರು. ಗೊತ್ತು ಮಾಡ್ಕೊಳ್ಳೋದು ಹೇಗೆ? ಅದನ್ನ ನಾನು ಹೇಳ್ತೀನಿ ಮಗಳೇ.

ನಾನು ಭದ್ರಾವತಿಯವನು, ಮೂವತ್ತು ವರ್ಷ ಅಲ್ಟ್ರಾಸಾನಿಕ್ ಟೆಸ್ಟಿಂಗ್ ಮಾಡಿದವನು, ಲಿವರ್‌ಗಲ್ಲ, ಕಬ್ಬಿಣಕ್ಕೆ. ಎಸ್‌ಜಿ ಐರನ್ ಅನ್ನೋ ಎರಕದ ಕಬ್ಬಿಣದಲ್ಲಿ ಗ್ರಾಫೈಟ್ ಉಂಡೆಗಟ್ಟಿದ್ಯೋ ಇಲ್ವೋ ಅಂತ ನಾವು ಚಿತ್ರ ನೋಡಿ ಹೇಳ್ತಿರಲಿಲ್ಲ. ವೇಗ ನೋಡ್ತಿದ್ವಿ. ಚೆನ್ನಾಗಿ ಉಂಡೆಗಟ್ಟಿದ್ರೆ ಸೆಕೆಂಡಿಗೆ 5,600 ಮೀಟರ್ ಆಸುಪಾಸು, ಪದರ ಪದರವಾಗಿದ್ರೆ ಸಾಕಷ್ಟು ಕೆಳಗೆ. ಕೈಗೊಂದು ಅಂಕಿ, ಜಗಳ ಇಲ್ಲ.

ಲೋಹದೊಳಗಿನ ಬಿರುಕು ಹುಡುಕೋ ಫ್ಲಾ ಡಿಟೆಕ್ಟರ್‌ನಲ್ಲಿ ಗೇನ್ (ಸಿಗ್ನಲ್ ಎತ್ತೋ) ಗುಂಡಿ ಡೆಸಿಬೆಲ್‌ನಲ್ಲೇ ಇರುತ್ತೆ, ನಿನ್ನ ಆಸ್ಪತ್ರೆ ಮಷೀನಿನ ಥರ "50" "60" ಅಂತ ಅರ್ಥವಿಲ್ಲದ ಅಂಕಿ ಅಲ್ಲ. ಕುದಿಸಿ ಆರಿಸಿದ ನೀರು ಒಂದು ಟಬ್‌ಗೆ ಹಾಕು, ಗುಳ್ಳೆ ಇರಬಾರದು. ಒಂದು ಕಡೆ 2.25 ಮೆಗಾಹರ್ಟ್ಸ್ ಪ್ರೋಬ್, ಎದುರಿಗೆ 8 ಸೆಂ.ಮೀ. ದೂರದಲ್ಲಿ ಸ್ಟೀಲ್ ಪ್ಲೇಟ್, ಎರಡೂ ಅಲುಗಬಾರದು. ನಡುವೆ ನಿನ್ನ ಹೆಪ್ಪಿನ 2 ಸೆಂ.ಮೀ. ದಪ್ಪದ ಬಿಲ್ಲೆ. ಪ್ಲೇಟಿನ ಪ್ರತಿಧ್ವನಿ ಪರದೆಯ 80 ಪರ್ಸೆಂಟ್ ಎತ್ತರಕ್ಕೆ ಬರೋ ತನಕ ಗೇನ್ ತಿರುಗಿಸು, ಬರ್ಕೋ. ಆಮೇಲೆ ಅದೇ ಹೆಪ್ಪಿನ 4 ಸೆಂ.ಮೀ. ಬಿಲ್ಲೆ ಇಟ್ಟು ಮತ್ತೆ 80ಕ್ಕೆ ತಾ. ಎಷ್ಟು ಡೆಸಿಬೆಲ್ ಜಾಸ್ತಿ ತಿರುಗಿಸಿದ್ಯೋ ಅದು ಹೆಚ್ಚಿನ 2 ಸೆಂ.ಮೀ. ಹೋಗಿ ಬರೋಕೆ, ಅಂದ್ರೆ 4 ಸೆಂ.ಮೀ.ಗೆ. ಬಿಲ್ಲೆಯ ಮೈ ಮೇಲೆ ಕಳೆಯೋ ಶಬ್ದ ಎರಡು ಸಲವೂ ಅಷ್ಟೇ, ತಲೆ ಕೆಡಿಸ್ಕೋಬೇಡ.

ಪ್ರತಿಧ್ವನಿ ಎಷ್ಟು ಮುಂಚೆ ಬಂತು ಅಂತಲೂ ನೋಡು, ವೇಗ ಪುಕ್ಕಟೆ ಸಿಗುತ್ತೆ. ಆಸ್ಪತ್ರೆ ಮಷೀನ್ ಎಲ್ಲದಕ್ಕೂ 1,540 ಅಂತ ನಂಬಿ ಚಿತ್ರ ಬರೆಯುತ್ತೆ. ನಿನ್ನ ಹೆಪ್ಪು ಬಹುತೇಕ ನೀರು, 1,500 ಹತ್ತಿರ ಬಂದ್ರೆ ಚಿತ್ರದ 10 ಸೆಂ.ಮೀ. ನಿಜದಲ್ಲಿ 9.74. ಹತ್ತು ಪರ್ಸೆಂಟ್ ಆಸುಪಾಸು ಗ್ಲಿಸರಿನ್ ಸೇರಿಸಿದ್ರೆ ಸರಿ ಹೋಗುತ್ತೆ.

ಮಾಚೇನಹಳ್ಳಿಯಲ್ಲಿ ನನ್ನ ಶಿಷ್ಯನೊಬ್ಬನ ಫೌಂಡ್ರಿ ಇದೆ. ಶನಿವಾರ ಮಧ್ಯಾಹ್ನ ಮಷೀನ್ ಸುಮ್ಮನೆ ಕೂತಿರುತ್ತೆ. ಮೆಸೇಜ್ ಹಾಕು.

ತುಂಗೆಯ ದಡ:

ತಾತ, ಡಾಕ್ಟ್ರೇ, ಇಬ್ಬರಿಗೂ ಥ್ಯಾಂಕ್ಸ್. ಎರಡು ಶನಿವಾರ ಮಾಚೇನಹಳ್ಳಿಗೆ ಹೋಗಿಬಂದೆ. ಮೊದಲನೇ ದಿನ ಡಿಟೆಕ್ಟರ್ ಸ್ಟೀಲ್ ವೇಗದ ಸೆಟ್ಟಿಂಗ್‌ನಲ್ಲೇ ಇತ್ತು, 8 ಸೆಂ.ಮೀ. ದೂರದ ಪ್ಲೇಟು 32 ಸೆಂ.ಮೀ. ಅಂತ ತೋರಿಸ್ತು, ಅರ್ಧ ಗಂಟೆ ಅದಕ್ಕೇ ಹೋಯ್ತು.

ಗ್ಲಿಸರಿನ್ ಹಾಕಿದ ಹೊಸ ಹೆಪ್ಪಿಗೆ ಗೇನ್ ವ್ಯತ್ಯಾಸ 3.6 ಡೆಸಿಬೆಲ್. ನಾಲ್ಕರಿಂದ, ಆಮೇಲೆ 2.25ರಿಂದ ಭಾಗಿಸಿದ್ರೆ 0.4. ಅದೇ ನನ್ನ ರೆಫರೆನ್ಸ್. ಡಾಕ್ಟರಮ್ಮನ ಹತ್ತಿರ ಗುಂಡಿ ಮುಟ್ಟದೆ ಗ್ರಾಫೈಟ್ ಡಬ್ಬಿಯನ್ನ ಇದರ ಜೊತೆ ಹೋಲಿಸಿದೆ: ಮೇಲಿನ ಭಾಗದಲ್ಲಿ 0.53, ಕೆಳಗಿನ ಭಾಗದಲ್ಲಿ 0.56. ಮೈನಸ್ ಮಾಯ! ಗ್ರಾಫೈಟ್ ಬಿಲ್ಲೆಯನ್ನೂ ತಾತನ ಟಬ್‌ನಲ್ಲಿಟ್ಟು ಈ ಅಂಕಿ ನಿಜವಾ ಅಂತ ನೋಡಬೇಕು ಅಂತಿದ್ದೆ.

ಆದ್ರೆ ಈ ಮಳೆಯಲ್ಲಿ ಒಂಬತ್ತೇ ದಿನಕ್ಕೆ ಎರಡೂ ಡಬ್ಬಿಗೆ ಬೂಷ್ಟು ಬಂದಿದೆ. ಬೂಷ್ಟು ಹಿಡಿದಿದ್ದನ್ನ ಪ್ರೋಬ್ ಹತ್ತಿರ ತರಬೇಡ ಅಂತ ಡಾಕ್ಟರಮ್ಮ ಖಡಾಖಂಡಿತ ಹೇಳಿದ್ದಾರೆ. ನಾಳೆ ಮತ್ತೆ ಚೈನಾ ಗ್ರಾಸ್ ಕುದಿಸಬೇಕು, ಅಜ್ಜಿ ಪಾತ್ರೆ ಕೊಟ್ರೆ.